ಟಿವಿ ಇಲ್ಲದ ಮನೆಗೆ ಬಂದ ಕೇಬಲ್

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಇರಬಾರದು ಎಂಬುದು ನನ್ನ ಗಂಡನ ವ್ರತ. ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಬಂದ ಹೊಸದರಲ್ಲೇ ಅವನು ಹಾಲಿನಲ್ಲಿ ಒಂದು ಕಂಪ್ಯೂಟರ್ ಜೋಡಿಸಿ, ಅದಕ್ಕೊಂದು ದೊಡ್ಡ ಪರದೆ, ಮೂಲೆಗೊಂದು ಸ್ಪೀಕರ್ ಹಾಕಿ, ಸಿನಿಮಾ, ಹಾಡು, ಫೋಟೊ ಎಲ್ಲಕ್ಕೂ ಇದೊಂದೇ ಸಾಕು ಎಂದು ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದ. ಬಂದವರು ಕಾಫಿ ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಿದ್ದರು. ನಾನು ಅಷ್ಟೂ ಕೇಳುತ್ತಿರಲಿಲ್ಲ.

ಆ ವ್ರತಕ್ಕೆ ಕುತ್ತು ಬಂದದ್ದು ನಮ್ಮ ಅತ್ತೆಯಿಂದ. ದಾವಣಗೆರೆಯಲ್ಲಿ ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಅಲ್ಲಿ ನನ್ನ ಗಂಡನ ಅಣ್ಣನ ತುಂಬು ಸಂಸಾರ. ಹೊತ್ತುಹೊತ್ತಿಗೆ ಚಹಾ, ಬಂದವರಿಗೆಲ್ಲ ರೊಟ್ಟಿ, ಎಲ್ಲವೂ ಅತ್ತೆಯ ಕೈಯಿಂದಲೇ ಆಗಬೇಕು. ಡಾಕ್ಟರು ಹೇಳಿದ್ದು ಆ ಮನೆಯಲ್ಲಿ ಗೋರ್ಕಲ್ಲ ಮೇಲೆ ಮಳೆ ಸುರಿದಂತೆಯೇ. ಹಾಗಾಗಿ ನಾನು ಹಟ ಮಾಡಿ ಅವರನ್ನು ಇಲ್ಲಿಗೆ ಕರೆತಂದೆ.

ವಾರ ಕಳೆಯುವುದರೊಳಗೆ ಅತ್ತೆ ಬ್ಯಾಗು ತುಂಬತೊಡಗಿದರು. ಬೆಳಿಗ್ಗೆ ಲಿಂಗಪೂಜೆ ಮುಗಿದರೆ ಮುಂದೆ ಮಾಡುವುದಕ್ಕೆ ಏನೂ ಇಲ್ಲ. ನಾವಿಬ್ಬರೂ ಆಫೀಸಿಗೆ ಹೋಗುತ್ತಿದ್ದೆವು. ಅಕ್ಕಪಕ್ಕದ ಬಾಗಿಲು ತೆರೆಯುವುದೇ ಅಪರೂಪ, ತೆರೆದರೂ ಆ ಕಡೆ ಹಿಂದಿ.

"ಗ್ವಾಡಿ ನೋಡಿ ನೋಡಿ ಸಾಕಾತವ್ವ. ನನ್ನ ಊರಿಗೆ ಕಳಿಸಿಬಿಡ್ರಿ," ಎಂದರು.

ಹೋದರೆ ಮರುದಿನವೇ ರೊಟ್ಟಿ ಬಡಿಯಲು ನಿಲ್ಲುತ್ತಾರೆ ಎಂದು ನನಗೆ ಗೊತ್ತಿತ್ತು. ಹೊಲಿಗೆ ಹಾಕಿದ ಗಾಯ ಇನ್ನೂ ಮಾಯ್ದಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಏನಿದ್ದರೆ ಇಲ್ಲಿ ಉಳಿಯುತ್ತೀರಿ ಎಂದು ಗಂಟುಬಿದ್ದು ಕೇಳಿದಾಗ, ಒಂದು ಧಾರಾವಾಹಿಯ ಹೆಸರು ಹೇಳಿ, ಅದೊಂದಿದ್ದಿದ್ದರೆ ಹೊತ್ತು ಹೋಗುತ್ತಿತ್ತು ಎಂದರು. ವರ್ಷಗಳಿಂದ ಒಂದು ದಿನವೂ ತಪ್ಪಿಸಿಲ್ಲವಂತೆ.

ಒಂದು ಟಿವಿ ತಂದುಬಿಡು ಎಂದು ಗಂಡನಿಗೆ ಹೇಳಿದೆ. ತರುತ್ತಾನೆಯೇ? ಈ ಕಂಪ್ಯೂಟರನ್ನೇ ಟಿವಿ ಮಾಡುತ್ತೇನೆ ಎಂದು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ಟ್ಯೂನರ್ ಕಾರ್ಡ್ ಎಂಬ ಹಸಿರು ಹಲಗೆಯೊಂದನ್ನು ತಂದು ಅದರ ಹೊಟ್ಟೆಯೊಳಗೆ ಸಿಕ್ಕಿಸಿದ. ಕೇಬಲ್‌ನವನು ಟೆರೇಸಿನಿಂದ ವೈರು ಇಳಿಸಿ ಒಳಗೆ ಬಂದು, ಟಿವಿ ಎಲ್ಲಿದೆ ಎಂದು ಬೆಡ್‌ರೂಮಿನಲ್ಲೂ ಇಣುಕಿ ನೋಡಿದ. ಕಂಪ್ಯೂಟರಿಗೆ ಕೊಡಬೇಕು ಎಂದಾಗ ಇವನ ಮುಖ ನೋಡಿ, "ಸುಮ್ನೆ ಒಂದು ಟಿವಿ ತಗೊಂಡ್ಬಿಡಿ ಸಾರ್," ಎಂದ. ಅವನಿಗೂ ಉಪನ್ಯಾಸವಾಯಿತು. ಪಾಪ, ಕಾಫಿಯೂ ಇಲ್ಲದೆ ಕೇಳಿಸಿಕೊಂಡು, ವೈರಿನ ತುದಿಗೆ ಪಿನ್ ಹಾಕಿ ಕೊಟ್ಟು ಹೋದ.

ಆ ಶನಿವಾರ ಪೂರ್ತಿ ನನ್ನ ಗಂಡ ಅದರ ಮುಂದೆ ಕೂತ. ಮೊದಲು ಪರದೆ ತುಂಬ ಇರುವೆ ಹರಿದಂತೆ ಕಂಡಿತು, ಅಷ್ಟೆ. ಚಾನೆಲ್‌ಗಳನ್ನು ಕೇಬಲ್‌ನಲ್ಲಿ ಹುಡುಕು ಎನ್ನುವುದರ ಬದಲು ಆಂಟೆನಾದಲ್ಲಿ ಹುಡುಕು ಎಂದು ಅದಕ್ಕೆ ಹೇಳಿದ್ದನಂತೆ. ಅದನ್ನು ಸರಿಪಡಿಸಿದ ಮೇಲೆ ಒಂದೊಂದೇ ಚಾನೆಲ್ ಮೂಡಿತು. ಚಿತ್ರ ಬಂತು, ದನಿ ಬರಲಿಲ್ಲ. ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಗಿತ್ತು. ದನಿ ಇಲ್ಲದಿದ್ದರೆ ಹೋಗಲಿ, ಮುಖಗಳನ್ನಾದರೂ ನೋಡಲಿ ಎಂದು ಅತ್ತೆಯನ್ನು ಕೂರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, ಇವರೆಲ್ಲ ಯಾರು ಎಂದು ನನ್ನನ್ನೇ ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ ನನ್ನ ಗಂಡ ಬಿಟ್ಟುಹೋಗಿದ್ದ ಒಂದು ಸಣ್ಣ ವೈರು ಸಿಕ್ಕಿಸಿದ. ನಾಲ್ಕೂ ಮೂಲೆಯಿಂದ ದನಿ ಬಂತು. ಅತ್ತೆಯ ಮುಖ ಅರಳಿತು.

"ಇವಳೇನು ಆಕಿ? ದನಿ ಕೇಳಿ ದಪ್ಪಗದಾಳ ಅಂದ್ಕಂಡಿದ್ದೆ."

ದಾವಣಗೆರೆ ಮನೆಯಲ್ಲಿ ಟಿವಿ ಇದ್ದದ್ದು ಪಡಸಾಲೆಯಲ್ಲಿ, ಅತ್ತೆ ಇದ್ದದ್ದು ಹಿಂದಿನ ಅಡುಗೆಮನೆಯಲ್ಲಿ. ವರ್ಷಗಟ್ಟಲೆ ಅವರು ರೊಟ್ಟಿ ಬಡಿಯುತ್ತಲೇ ಧಾರಾವಾಹಿ ಕೇಳಿದ್ದರು, ನೋಡಿರಲಿಲ್ಲ. ನನಗೆ ಆ ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದವರ ಮೇಲೆಲ್ಲ ಕೆಂಡದಂಥ ಸಿಟ್ಟು ಬಂತು.

ಇಷ್ಟಾದರೂ ಊರಿಗೆ ಹೋಗುವ ಮಾತು ನಿಲ್ಲಲಿಲ್ಲ. ಸೋಮವಾರ ಸಂಜೆ ಧಾರಾವಾಹಿ ನಡೆಯುತ್ತಿತ್ತು. ಬಚ್ಚಲಿನಿಂದ ನನ್ನ ಗಂಡ, ಅವ್ವಾ ಟವೆಲ್ಲು ಎಂದು ಕೂಗಿದ. ಮದುವೆಯಾದ ಗಂಡಸು, ಹೆಂಡತಿ ಅಲ್ಲೇ ಕೂತಿದ್ದಾಳೆ, ಕೂಗಿದ್ದು ಅವ್ವನನ್ನು. ಅತ್ತೆ ಹೊಟ್ಟೆ ಹಿಡಿದುಕೊಂಡು ಎದ್ದೇಬಿಟ್ಟರು. ಕೂತ್ಕೊಳ್ಳಿ ಎಂದರೂ ಕೇಳಲಿಲ್ಲ. ನನ್ನ ಸಿಟ್ಟು ಕೀಬೋರ್ಡಿನ ಉದ್ದನೆಯ ಬಟನ್ನಿನ ಮೇಲೆ ಬಿತ್ತು. ಗಂಡನ ಉಪನ್ಯಾಸದಲ್ಲಿ ನನ್ನ ಕಿವಿಗೆ ಬಿದ್ದು ಉಳಿದಿದ್ದ ಸಂಗತಿ ಅದೊಂದೇ. ಅದನ್ನೊತ್ತಿದರೆ ನಡೆಯುತ್ತಿರುವ ಕಾರ್ಯಕ್ರಮವೂ ನಿಲ್ಲುತ್ತದೆ, ಮತ್ತೆ ಒತ್ತಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಟವೆಲ್ಲು ಕೊಟ್ಟು ಬಂದ ಅತ್ತೆ, ನಾಯಕಿ ಬಾಯಿ ತೆರೆದುಕೊಂಡು ನಿಂತಿರುವುದನ್ನು ಕಂಡು, ಕೆಟ್ಟುಹೋಯಿತೇ ಎಂದು ಗಾಬರಿಯಾದರು. ಕೂರಿಸಿ, ಇದನ್ನು ಒತ್ತಿ ಎಂದೆ. ಒಂದು ಬೆರಳಿನಿಂದ ಒತ್ತಿದರು. ಅರ್ಧಕ್ಕೆ ನಿಂತಿದ್ದ ಬೈಗುಳ ಅರ್ಧದಿಂದಲೇ ಮುಂದುವರಿಯಿತು. ಅತ್ತೆ ನನ್ನ ಕಡೆ ತಿರುಗಿದರು.

"ನಾ ಬರೋತನ ಇಲ್ಲೇ ನಿಂತಿತ್ತೇನು ಇದು?"

ಹೌದು ಎಂದೆ. ಅವರು ನಕ್ಕರು.

"ಇಷ್ಟು ವರ್ಸದಾಗ ನನ್ ಸಲುವಾಗಿ ಕಾಯ್ಕಂಡು ನಿಂತಿದ್ದು ಇದೊಂದೇ ನೋಡವ್ವ."

ದೂರು ಹೇಳುವ ದನಿಯಾಗಿರಲಿಲ್ಲ ಅದು. ತಮಾಷೆಯಾಗಿಯೇ ಹೇಳಿದರು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದಿದ್ದ ನನ್ನ ಗಂಡ, ಅದು ಹೇಗೆ ಡಿಸ್ಕಿನಲ್ಲಿ ಕೂಡಿಟ್ಟುಕೊಳ್ಳುತ್ತದೆ ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಒದ್ದೆ ತಲೆಯಲ್ಲೇ ಅವ್ವನ ಪಕ್ಕ ಕೂತುಕೊಂಡ. ನನಗೆ ಅವನ ಮೇಲೂ ಆ ಪೆಟ್ಟಿಗೆಯ ಮೇಲೂ ಒಟ್ಟಿಗೇ ಪ್ರೀತಿ ಉಕ್ಕಿತು.

ಆಮೇಲಿನ ದಿನಗಳಲ್ಲಿ ಅತ್ತೆ ಬೇಕೆಂದೇ ಅದನ್ನು ನಿಲ್ಲಿಸಿ, ಬಾಲ್ಕನಿಗೆ ಹೋಗಿ ಗಾಳಿ ತೆಗೆದುಕೊಂಡು, ಇನ್ನೂ ನಿಂತಿದೆಯೇ ಎಂದು ಬಂದು ನೋಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ದಾವಣಗೆರೆಯಿಂದ ಭಾವನವರ ಫೋನು ಬಂತು. ಮನೆಯಲ್ಲಿ ಯಾರಿಗೂ ಏನೂ ಸಿಗುತ್ತಿಲ್ಲವಂತೆ, ಊಟ ಹೊತ್ತಿಗೆ ಸರಿಯಾಗುತ್ತಿಲ್ಲವಂತೆ, ಭಾನುವಾರ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತಾರಂತೆ. ನನ್ನ ಗಂಡ ಫೋನಿಗೆ ಕೈ ಅಡ್ಡ ಹಿಡಿದು, ಏನು ಹೇಳಲಿ ಎಂದು ಕೇಳಿದ. ಧಾರಾವಾಹಿ ನಡೆಯುತ್ತಿತ್ತು. ಅತ್ತೆಯ ಬೆರಳು ಬಟನ್ನಿನ ಹತ್ತಿರವೇ ಇತ್ತು, ಆದರೆ ಅವರು ಒತ್ತಲಿಲ್ಲ. ಪರದೆಯಿಂದ ಕಣ್ಣೂ ತೆಗೆಯಲಿಲ್ಲ.

"ಎರಡು ತಿಂಗ್ಳು ಅಂದಾರಲ್ಲ ಡಾಕ್ಟ್ರು. ಅಲ್ಲೀತನ ಕಾಯ್ಲಿ ಅನ್ನು."

ಅಣ್ಣನಿಗೆ ಇದನ್ನು ಹೇಗೆ ಹೇಳುವುದೆಂದು ಅವನು ತಡವರಿಸಿದ. ನಾನೇ ಫೋನು ಕಸಿದುಕೊಂಡು ಒಂದಕ್ಷರ ಬಿಡದೆ ಹೇಳಿದೆ.