ಹಲ್ಲಿಗೆ ಕೊಟ್ಟ ಹಾಳೆ

ಕಳಸದ ಹತ್ತಿರದ ಕಾಫಿ ಎಸ್ಟೇಟಿಗೆ ಒಂದೇ ಪ್ರಿಂಟರ್ ರಿಪೇರಿಗೆ ಮೂರನೇ ಸಲ ಹೋಗಿದ್ದೆ. ಪ್ರಿಂಟಾದ ಹಾಳೆ ಮುಟ್ಟಿದರೆ ಅಕ್ಷರ ಕೈಗೆ ಬರುತ್ತಿತ್ತು. ಇವತ್ತೂ ಸರಿಯಾಗದಿದ್ದರೆ ಯಂತ್ರ ವಾಪಸ್ ಎಂದಿದ್ದರು ಮಾಲೀಕರು. ಆಫೀಸು ನೋಡಿಕೊಳ್ಳುವ ರೈಟರ್ ಮಂಜಪ್ಪನವರು ಆ ಹಾಳೆಗಳನ್ನು ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಹರವಿದ್ದರು.

“ಇಂಕು ಒಣಗ್ಲಿ ಅಂತ.”

“ಇದ್ರಲ್ಲಿ ಇಂಕೇ ಇಲ್ಲ ರೈಟ್ರೇ. ಲೇಸರ್ ಬೆಳಕು ಬಿದ್ದ ಕಡೆ ಡ್ರಮ್ಮಿಗೆ ಕರಿ ಪುಡಿ ಅಂಟುತ್ತೆ. ಅದು ಹಾಳೆಗೆ ಇಳಿದ್ಮೇಲೆ ಬಿಸಿ ರೋಲರ್ ಕರಗಿಸಿ ಕೂರಿಸುತ್ತೆ. ಹಾಳೆ ಥಂಡಿ ಹಿಡಿದು ತೇವ ಆಗಿದ್ರೆ ಕೂರಲ್ಲ.”

“ಹಾಗಾದ್ರೆ ಮೊದ್ಲೇ ಒಣಗಿಸ್ಬೇಕಿತ್ತು ಅನ್ನಿ.” ಕಾಫಿ ಬೀಜ ಒಣಗಿದೆಯೇ ಎಂದು ಕಚ್ಚಿ ನೋಡುವ ಹಾಗೆ ಖಾಲಿ ಹಾಳೆಯ ಮೂಲೆಯನ್ನು ಕಚ್ಚಿದರು. “ಇನ್ನೊಂದು ಬಿಸ್ಲು ಬೇಕು ಮಾರಾಯ್ರೆ.”

ಖಾಲಿ ಹಾಳೆಗಳನ್ನೂ ಕಣದಲ್ಲಿ ಹರವಿದೆವು. ಮಧ್ಯಾಹ್ನ ಅದೇ ಹಾಳೆಗೆ ಪ್ರಿಂಟ್ ಕೊಟ್ಟರೆ, ಅಕ್ಷರ ಉಜ್ಜಿದರೂ ಹೋಗಲಿಲ್ಲ.

ಈಗ ಎಲ್ಲಿಗೆ ಹೋದರೂ ಸ್ಕ್ರೂ ಬಿಚ್ಚುವ ಮೊದಲು ಒಂದು ಹಾಳೆ ಕಚ್ಚುತ್ತೇನೆ. ಯಾರಾದರೂ ನೋಡಿದರೆ, ಟೆಸ್ಟಿಂಗ್ ಅನ್ನುತ್ತೇನೆ.