ಅತ್ತೆಯ ಸ್ನಾನಕ್ಕೆಂದು ತಂದ ಕಬ್ಬಿಣದ ತಟ್ಟೆ

ಅತ್ತೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ನಾವು ವಡಾಲದ ಚಾಳೊಂದರಲ್ಲಿ, ಎರಡನೇ ಮಾಳಿಗೆಯ ಒಂದೇ ಖೋಲಿಯಲ್ಲಿದ್ದೆವು. ನಾನು ಧಾರವಾಡದಿಂದ ಮದುವೆಯಾಗಿ ಬಂದವಳು, ಆ ಊರಿಗೆ ಇನ್ನೂ ಹೊಸಬಳು. ಸ್ನಾನದ ಮನೆ ಗ್ಯಾಲರಿಯ ಆ ತುದಿಗೆ, ಇಡೀ ಮಾಳಿಗೆಗೆ ಒಂದೇ. ಎಲ್ಲರ ಕಣ್ಣೆದುರು ತಮ್ಮನ್ನು ಹೊತ್ತೊಯ್ಯುವುದಕ್ಕೆ ಅತ್ತೆ ಒಪ್ಪಲಿಲ್ಲ. ಖೋಲಿಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ ಇತ್ತು, ಆದರೆ ಅದರ ಕಲ್ಲು ಬಿರುಕು ಬಿಟ್ಟಿತ್ತು. ನಾಲ್ಕು ತಂಬಿಗೆ ನೀರು ಸುರಿದರೆ ಕೆಳಗಿನ ಮನೆಯ ಒಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಾಲೀಕ "ನೋಡೋಣ, ನೋಡೋಣ" ಎಂದೇ ದಿನ ದೂಡಿದ.

ಕೊನೆಗೆ ನನ್ನ ಯಜಮಾನರು ಬೈಕುಲ್ಲಾದ ಹಳೇ ಸಾಮಾನಿನ ಅಂಗಡಿಯಿಂದ ಒಂದು ತಟ್ಟೆ ತಂದರು. ಕೆಡವಿದ ಯಾವುದೋ ಬಂಗಲೆಯಲ್ಲಿ ನಿಂತು ಸ್ನಾನ ಮಾಡಲು ಹಾಕಿಸಿದ್ದ, ಸುತ್ತ ಅಂಚೆತ್ತಿದ, ಬಿಳಿ ಎನಾಮೆಲಿನ ದೊಡ್ಡ ಚೌಕದ ಬೀಡುಕಬ್ಬಿಣದ ತಟ್ಟೆ. ಹಮಾಲರು ಅದನ್ನು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿಸಿ ಉಸಿರು ಬಿಟ್ಟಾಗ ಇಡೀ ಚಾಳು ಹೊರಗೆ ಬಂದು ನೋಡಿತು. ಅಡಿಯಲ್ಲಿ ನೀರು ಹೊರಹೋಗುವ ಕೊಳವೆಗೆ ಜಾಗ ಬೇಕೆಂದು ಯಜಮಾನರು ಮೋರಿಯ ಕಲ್ಲಿನ ಮೇಲೆ ನಾಲ್ಕು ಮೂಲೆಗೂ ಇಟ್ಟಿಗೆ ಪೇರಿಸಿ, ಅದರ ಮೇಲೆ ತಟ್ಟೆ ಕೂಡಿಸಿದರು. ತಾವೇ ಹತ್ತಿ ನಿಂತು ನೋಡಿದರು. ಅಲುಗಲಿಲ್ಲ.

ಆ ಭಾನುವಾರ ಅತ್ತೆಯನ್ನು ಎತ್ತಿ ತಟ್ಟೆಯಲ್ಲಿಟ್ಟ ಮಣೆಯ ಮೇಲೆ ಕೂಡಿಸಿ, "ನೀವು ಸಾವಕಾಶ ಮುಗಸ್ರಿ, ನಾ ಮಾರ್ಕೆಟ್ಟಿಗೆ ಹೋಗಿ ಬರ್ತೀನಿ" ಎಂದು ಹೊರಟರು. ನಾನು ಬಾಗಿಲಿಗೆ ಚಿಲಕ ಹಾಕಿದೆ.

ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೇ ಅತ್ತೆ "ಹಾ" ಎಂದು ಕಣ್ಣು ಮುಚ್ಚಿದರು. ಬಿದ್ದ ಮೇಲೆ ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ. ಇನ್ನೊಂದು ತಂಬಿಗೆ ಸುರಿಯುವಷ್ಟರಲ್ಲಿ ಕೆಳಗೆ ಕಟಕ್ಕೆಂದಿತು. ಇಟ್ಟಿಗೆಯಲ್ಲ, ಅದರ ಅಡಿಯ ಬಿರುಕುಬಿಟ್ಟ ಕಲ್ಲೇ ಕುಸಿದಿತ್ತು. ತಟ್ಟೆ ಒಂದು ಮೂಲೆಗೆ ವಾಲಿತು, ಮಣೆ ಜಾರಿತು, ಅತ್ತೆ ನನ್ನ ಕಡೆ ಜಾರಿಬಂದರು. ನಾನು ತಂಬಿಗೆ ಬಿಸುಟು ಮೊಣಕಾಲೂರಿ, ತಟ್ಟೆಯ ಅಂಚಿಗೆ ಭುಜ ಕೊಟ್ಟೆ.

ಹಾಗೇ ಸಿಕ್ಕಿಕೊಂಡೆ. ಮೇಲಕ್ಕೆತ್ತಲು ನನ್ನಲ್ಲಿ ಶಕ್ತಿಯಿಲ್ಲ. ಬಿಟ್ಟರೆ ಅವರು ಆ ಸೊಂಟದ ಮೇಲೆಯೇ ನೆಲಕ್ಕೆ ಬೀಳುತ್ತಾರೆ. ಬಾಗಿಲು ಅಲ್ಲೇ ಎದುರಿಗಿತ್ತು, ಕೈಗೆ ಎಟುಕುವಂತಿರಲಿಲ್ಲ.

"ಯಾರನ್ನರೆ ಕರೀತೀನ್ರಿ ಅತ್ತಿ," ಎಂದೆ.

"ಬ್ಯಾಡ ತಂಗಿ. ಕೂಗಬ್ಯಾಡ. ಗ್ಯಾಲರಿಯೊಳಗ ಗಂಡಸರು ಅದಾರ. ನನ್ನ ಮೈಮ್ಯಾಲೆ ಅರಿವಿ ತುಂಡೂ ಇಲ್ಲ."

ಅವರ ಒದ್ದೆ ಕೈ ನನ್ನ ಕೊರಳು ಹಿಡಿದಿತ್ತು. ತಟ್ಟೆಯ ಅಂಚು ಭುಜದೊಳಗೆ ಇಳಿಯುತ್ತಿತ್ತು. ಹೊರಗೆ ಯಾರೋ ಮರಾಠಿಯಲ್ಲಿ ಮಾತಾಡುತ್ತ, ನಗುತ್ತ ಹಾದುಹೋದರು. ಕೂಗಬೇಕೆಂದು ಬಾಯಿ ತೆರೆದೆ, ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ. ಅಳುವುದಕ್ಕೂ ಹೆದರಿಕೆ, ಮೈ ಅಲುಗಿದರೆ ತಟ್ಟೆಯೂ ಅಲುಗುತ್ತದೆಂದು.

ನಮ್ಮನ್ನು ಉಳಿಸಿದ್ದು ಸೋರಿದ ನೀರೇ. ಕೆಳಗಿನ ಮನೆಯಾಕೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಉಡುಪಿ ಕಡೆಯಿಂದ ಬಂದವರು, ದಡದಡನೆ ಮೇಲೆ ಬಂದು ಬಾಗಿಲು ಬಡಿದರು.

"ಎಂತ ಮಾರಾಯ್ತಿ ಇದು! ನನ್ನ ಅನ್ನದ ಮೇಲೆ ನೀರು ಬೀಳ್ತಾ ಉಂಟು! ದರವಾಜಾ ತೆಗೀರಿ!"

"ತೆಗೀಲಿಕ್ಕೆ ಬರಂಗಿಲ್ರಿ," ಎಂದೆ. "ನಾ ಕೈ ಬಿಟ್ರ ಅತ್ತಿ ಬೀಳ್ತಾರ್ರಿ."

ಅವರು ಮತ್ತೆ ಬಡಿಯಲಿಲ್ಲ. ಬಾಗಿಲ ಪಕ್ಕದ ಕಿಟಕಿಯ ಪರದೆ ಸರಿಸಿ, ಸರಳಿನೊಳಗಿಂದ ಬಳೆ ತೊಟ್ಟ ಕೈ ತೂರಿಬಂತು, ತಡಕಾಡಿ ಚಿಲಕ ಸರಿಸಿತು. ಒಳಗೆ ಬಂದವರು ಮೊದಲು ಬಾಗಿಲು ಮುಚ್ಚಿದರು, ಆಮೇಲೆ ಹಗ್ಗದ ಮೇಲಿದ್ದ ಸೀರೆಯನ್ನು ಎಳೆದು ಅತ್ತೆಗೆ ಹೊದಿಸಿದರು. "ಅಮ್ಮಾ, ನನ್ನ ಕುತ್ತಿಗೆ ಹಿಡ್ಕೊಳ್ಳಿ, ನಾಚಿಕೆ ಎಂತದ್ದು," ಎಂದು ತಬ್ಬಿ ಎತ್ತಿದರು. ಅತ್ತೆ ಮಂಚ ಸೇರಿದ ಮೇಲೆ ನಾನು ಭುಜ ತೆಗೆದೆ. ತಟ್ಟೆ ಧಡ್ಡೆಂದು ಕೂತಿತು. ಯಜಮಾನರು ಕಾಯಿಪಲ್ಲೆಯ ಚೀಲ ಹಿಡಿದು ಬಂದಾಗ ನಾವು ಮೂವರೂ ಮಂಚದ ಮೇಲೆ ಕೂತಿದ್ದೆವು.

ಮರುವಾರ ಗೌಂಡಿ ಬಂದು, ಒಡೆದ ಕಲ್ಲು ತೆಗೆದು, ತಟ್ಟೆಯ ಅಡಿಗೆ ಪೂರ್ತಿ ಇಟ್ಟಿಗೆ ಗಾರೆ ತುಂಬಿ ಕೂಡಿಸಿದ. ಆಮೇಲೆ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಅತ್ತೆ, ಕೆಳಗಿನ ಮನೆಯಾಕೆ ಬಂದು ಹಿಡಿದುಕೊಂಡರೆ ಮಾತ್ರ ಅದರಲ್ಲಿ ಕೂಡುತ್ತಿದ್ದರು. ಆಕೆ ಬೈಯುತ್ತ, ನಗಿಸುತ್ತ, ಭಾನುವಾರ ತಪ್ಪದೆ ಬರುತ್ತಿದ್ದರು. ಮಳೆಗಾಲ ಕಳೆದ ಮೇಲೆ ಅವರ ಗಂಡನಿಗೆ ಅಂಧೇರಿಯ ಹೋಟೆಲಿನಲ್ಲಿ ಕೆಲಸವಾಯಿತು. ಸಂಸಾರ ಅಲ್ಲಿಗೆ ಹೋಯಿತು.

"ತಟ್ಟಿ ಈಗ ಗಟ್ಟಿ ಕೂತದ್ರಿ ಅತ್ತಿ. ನಾನೂ ಇವರೂ ಕೂಡಿ ಕೂಡಸ್ತೀವಿ, ಬರ್ರಿ," ಎಂದು ನಾನು ಎಷ್ಟು ಸಲ ಹೇಳಿದೆನೋ.

"ಗಟ್ಟಿ ಕೂತದ್ದು ನನಗ ಗೊತ್ತದ. ಮೈಗೆ ತಿಳೀವಲ್ದು ತಂಗಿ," ಎನ್ನುತ್ತಿದ್ದರು.

ಆಮೇಲೆ ಇದ್ದಷ್ಟು ಕಾಲವೂ ಅವರನ್ನು ಮಂಚದ ಮೇಲೆಯೇ ಒದ್ದೆ ಬಟ್ಟೆಯಿಂದ ಒರೆಸಿದೆ. ನೀರು ಹದವಾಗಿದೆಯೇ ಎಂದು ಕೇಳಿದರೆ ತಲೆಯಾಡಿಸುತ್ತಿದ್ದರು. ಆ ಬೆನ್ನಿನ ಮೇಲೆ ಒಂದು ತಂಬಿಗೆ ಬಿಸಿನೀರು ಸುರಿಯುವುದು ನನ್ನಿಂದ ಮತ್ತೆ ಆಗಲೇ ಇಲ್ಲ.