ಎರಡು ಬಾಲು ಕಾಣುವ ತಮ್ಮ

ಮೊದಲು ಜೋತುಬಿದ್ದದ್ದು ಅವನ ಎಡಗಣ್ಣಿನ ರೆಪ್ಪೆ.

ವೆಂಕಿ ನನ್ನ ತಮ್ಮ. ಹೊರದೇಶದ ಒಂದು ತಂಡದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡುವವನು. ಔಟ್‌ಫೀಲ್ಡರ್. ಅಂದರೆ ಮೈದಾನದ ತುದಿಯಲ್ಲಿ ನಿಂತು, ಎತ್ತರದಿಂದ ಬೀಳುವ ಬಾಲು ಹಿಡಿಯಬೇಕು. ಬ್ಯಾಟು ಹಿಡಿದನೆಂದರೆ ಬಾಲು ಬೇಲಿಯಾಚೆಗೇ. ರಜೆಗೆಂದು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ಬಂದವನು, ಒಂದು ಸಂಜೆ ಹಳೆಯ ಚಿನ್ನದ ಗಣಿಯ ಪಕ್ಕದ ಉರಿಗಾಂ ಮೈದಾನದಲ್ಲಿ ಸುಲಭದ ಕ್ಯಾಚ್ ಬಿಟ್ಟ. ಇನ್ನೊಂದು ಬಿಟ್ಟ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಅಕ್ಕಾ, ಎಲ್ಡೆಲ್ಡು ಬಾಲು ಬತ್ತವೆ ಕಣಕ್ಕಾ. ಯಾವ್ದು ಇಡ್ಕಬೇಕೋ ಗೊತ್ತಾಗ್ತಿಲ್ಲ."

ನನಗೆ ನಗು ಬಂತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುವಾಗ ಅವನಿಗಿಂತ ದೂರ ಹೊಡೆಯುತ್ತಿದ್ದವಳು ನಾನು. ಆದರೆ ಸಂಜೆ ಹಾಲು ಕರೆಯಲು ಒಬ್ಬರು ಬೇಕಿತ್ತು. ಆ ಒಬ್ಬರು ಯಾವಾಗಲೂ ನಾನೇ. ಡೇರಿಗೆ ಹಾಲು ಹಾಕಿ ಬಂದು ಅವನಿಗೆ ಬಾಲು ಎಸೆಯುತ್ತಿದ್ದೆ. ಅವನು ಹೊಡೆದದ್ದನ್ನು ಮುಳ್ಳುಕಂಟಿಯಲ್ಲಿ ಹುಡುಕಿ ತರುತ್ತಿದ್ದೆ. ವರ್ಷಗಟ್ಟಲೆ. ಅವನು ಹೊರದೇಶಕ್ಕೆ ಹೊರಟ ದಿನ ಊರೆಲ್ಲ ಹಾರ ಹಾಕಿತು. ನಾನು ಹಿಂದೆ ನಿಂತು ಅವನ ಬ್ಯಾಗು ಹಿಡಿದುಕೊಂಡಿದ್ದೆ.

ರೆಪ್ಪೆ ಬಿದ್ದದ್ದು ನೋಡಿ ಅಮ್ಮ ಆಸ್ಪತ್ರೆಯ ಮಾತೆತ್ತಲಿಲ್ಲ. "ನನ್ ಮಗೀಗೆ ಯಾರ್ದೋ ಕಣ್ಣು ಬಿದ್ದೈತೆ. ಉಪ್ಪು ಮೆಣಸಿನಕಾಯಿ ತಗಂಬಾ, ನೀನೇ ನೀವಾಳ್ಸು" ಎಂದಳು.

ನಾನೇ! ಅವನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿಯ ಮುಷ್ಟಿಯನ್ನು ಮುಖದ ಸುತ್ತ ಸುತ್ತಿಸಿದೆ. ಊರವರ ಕಣ್ಣು, ಕೇರಿಯವರ ಕಣ್ಣು ಎನ್ನುತ್ತ ಹೋದೆ. ಮನೆಯವರ ಕಣ್ಣು ಎನ್ನುವುದನ್ನು ಮಾತ್ರ ಬೇಗ ಬೇಗ ಹೇಳಿ ಮುಗಿಸಿದೆ. ಒಲೆಗೆ ಹಾಕಿದ ಮೆಣಸಿನಕಾಯಿ ಸುಟ್ಟು ಕರಕಲಾಯಿತು, ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದ್ದು ನಿಜ ಅಂತ ನಮ್ಮಲ್ಲಿ ನಂಬಿಕೆ.

ನನ್ನದೇ ಕಣ್ಣು ಅಂದುಕೊಂಡೆ.

ಬರಬರುತ್ತ ಅವನಿಗೆ ಅನ್ನ ಅಗಿಯಲೂ ದಣಿವಾಗತೊಡಗಿತು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಅವನ ಮುಖ ನೋಡಲು ಹೆದರಿಕೆ. ನ್ಯೂರಾಲಜಿ ಡಾಕ್ಟರಮ್ಮ ಗ್ಲೌಸಿನೊಳಗೆ ಐಸ್ ತುಂಬಿ, ಬಿದ್ದ ರೆಪ್ಪೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ತೆಗೆದರು.

ರೆಪ್ಪೆ ಎದ್ದಿತ್ತು.

ಬ್ಲಡ್ ಟೆಸ್ಟ್ ಬಂದ ಮೇಲೆ ಹೆಸರು ಹೇಳಿದರು: ಮಯಸ್ತೇನಿಯಾ ಗ್ರೇವಿಸ್. ನರದ ಮಾತು ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲವಂತೆ. ಬಳಸಿದಷ್ಟೂ ಸ್ನಾಯು ಸೋಲುತ್ತದಂತೆ. ತಂಪಿಗೆ ರೆಪ್ಪೆ ಎದ್ದದ್ದು ಅದರದೇ ಗುರುತಂತೆ. ನಾನು ನಾಚಿಕೆ ಬಿಟ್ಟು ಕೇಳಿದೆ, "ಮನೆಯೋರೇ ಒಟ್ಟೆ ಉರ್ಕಂಡ್ರೆ ಇದು ಬತ್ತದಾ ಮೇಡಂ?"

ಅವರು ನಗಲಿಲ್ಲ. "ಇಲ್ಲಮ್ಮ. ಇವರ ದೇಹವೇ ತಪ್ಪು ತಿಳಿದು ತನ್ನ ಮೇಲೆ ತಿರುಗಿಬಿದ್ದಿದೆ. ನೀವು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿ, ಸಾಕು."

ಎದೆ ಹಗುರಾಯಿತು. ಹಗುರಾದದ್ದೇ ತಡ, ಹೊಟ್ಟೆಕಿಚ್ಚು ಮತ್ತೆ ಬಂದು ಕೂತಿತು! ಮನೆ ತುಂಬ ನೋಡಲು ಬಂದವರು, ಸೇಬು, ಎಳನೀರು. ಅವನಿಗೆ ಕಾಯಿಲೆ ಬಂದರೂ ಮೆರವಣಿಗೆಯೇ. ನನಗೆ ಜ್ವರ ಬಂದಾಗ ಹಾಲು ಕರೆದದ್ದೂ ನಾನೇ. ಗೊಣಗುತ್ತಲೇ ಅನ್ನ ಹಿಸುಕಿ ಕೊಟ್ಟೆ, ಗೊಣಗುತ್ತಲೇ ಮಾತ್ರೆ ಕೊಟ್ಟೆ.

ಒಂದು ದಿನ ತಂಡದಿಂದ ಫೋನ್ ಬಂತು. ಮಾತು ಮುಗಿಸಿ ಗೋಡೆಯ ಕಡೆ ತಿರುಗಿ ಮಲಗಿದ.

"ನನ್ ಜಾಗಕ್ಕೆ ಇನ್ನೊಬ್ಬನ್ನ ತಗಂಡ್ರಂತೆ ಕಣಕ್ಕಾ."

ಖುಷಿಯಾಗಬೇಕಿತ್ತಲ್ಲ, ಆಗಲಿಲ್ಲ. ಬೇರೆಯವರು ಆಡುವುದನ್ನು ನೋಡುತ್ತ ನಿಲ್ಲಬೇಕಾದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಕನ್ನಡಿಯಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ.

ಮಾತ್ರೆ ನಿಧಾನಕ್ಕೆ ಹಿಡಿಯಿತು. ಹೋದ ವಾರ ಅವನೇ ಹಟ ಮಾಡಿ ಉರಿಗಾಂ ಮೈದಾನಕ್ಕೆ ಕರೆದುಕೊಂಡು ಹೋದ. ನಾನು ಎಸೆದೆ, ಅವನು ಹೊಡೆದ. ಒಂದು ಬಾಲು ಚೆನ್ನಾಗಿ ಹೋಯಿತು. ಆಮೇಲೆ ತೋಳು ಸೋತಿತು, ರೆಪ್ಪೆ ಇಳಿಯಿತು. ಕಲ್ಲಿನ ಮೇಲೆ ಕೂತು ಬ್ಯಾಟು ನನ್ನ ಕಡೆ ಚಾಚಿದ.

"ನೀನ್ ಒಡಿ."

ಎಡಗೈಯಲ್ಲಿ ಬಾಲು ಎಸೆದುಕೊಂಡು ಹೊಡೆದೆ. ಇಷ್ಟು ವರ್ಷ ಹಾಲು ಕರೆದ ಕೈಗಳು ಅವು. ಬಾಲು ಬೇಲಿ ದಾಟಿ, ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಬುಡಕ್ಕೆ ಹೋಗಿ ಬಿತ್ತು. ತಿರುಗಿ ನೋಡಿದರೆ, ವೆಂಕಿ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ನೋಡುತ್ತಿದ್ದ.

"ಎಲ್ಡೂ ಬೇಲಿ ದಾಟ್ದವು ಕಣಕ್ಕಾ" ಅಂದ. ಆಮೇಲೆ ಸಣ್ಣ ದನಿಯಲ್ಲಿ, "ನಂಗೆ ಒಟ್ಟೆ ಉರೀತೈತೆ."

"ಉರ್ಕಳ್ಲಾ" ಅಂದೆ. "ಚೆನ್ನಾಗಿ ಉರ್ಕ."

ಅವನು ನಕ್ಕ. ಮೆಲ್ಲಗೆ ಎದ್ದು ಬಾಲು ಹುಡುಕಿ ತರಲು ಹೊರಟ. ಬೇಡ, ದಣಿವಾಗುತ್ತದೆ ಎನ್ನಲು ಬಾಯಿ ತೆರೆದವಳು, ಈ ಸಲ ಅವನೇ ತರಲಿ ಅಂದುಕೊಂಡೆ. ಮುಂದಿನ ಮಾತ್ರೆಗೆ ಇನ್ನೂ ಹೊತ್ತಿತ್ತು. ಬ್ಯಾಟು ಹಿಡಿದುಕೊಂಡೇ ಕಾದೆ.